ಕಿಟಕಿಗೆ ಅಡ್ಡ ನಿಂತ ಮುಖ

ಜನವರಿ 20, ಸೋಮವಾರ

ಬೆಳಗ್ಗೆ ಕಾಲೇಜಿನ ಆರ್ಕಿಟೆಕ್ಚರ್ ಸ್ಟುಡಿಯೋಗೆ ಹೋದರೆ ಕಿಟಕಿಗಳೇ ಮಾಯ. ಆ ತುದಿಯ ಮೂರು ಬಿಟ್ಟರೆ, ಕಿಟಕಿ ಇದ್ದ ಕಡೆಯೆಲ್ಲ ಮುದುಕ ನಿಂತಿದ್ದ.

ಸೂರಿನಿಂದ ನೆಲದವರೆಗೆ ಇಳಿಬಿಟ್ಟ ಬ್ಯಾನರ್, ಅದರ ತುಂಬ ಪ್ರೊಫೆಸರ್ ಸಾರ್ಪಾಂಗ್. ಸುತ್ತ ಸಾವಿನ ಬಣ್ಣಗಳಾದ ಕೆಂಪು, ಕಪ್ಪು. ನೆತ್ತಿಯ ಮೇಲೆ ‘ಎಂಥಾ ಆಘಾತ!’ ಎಂದು ದಪ್ಪ ಅಕ್ಷರ. ಎಪ್ಪತ್ತನಾಲ್ಕು ವರ್ಷ ಬದುಕಿದ, ನಿವೃತ್ತನಾದ ಮೇಲೂ ದಿನಾ ಬಂದು ನಮ್ಮ ಪ್ರಾಣ ಹಿಂಡಿದ. ಆಘಾತವಾದದ್ದು ಯಾರಿಗೋ ನನಗೆ ಗೊತ್ತಿಲ್ಲ.

ರಸ್ತೆಯಿಂದ ಕಾಣುವುದು ಈ ಗೋಡೆಯೊಂದೇ, ಅದಕ್ಕೇ ಇಲ್ಲಿ ಕಟ್ಟಿದ್ದಾರೆ. ಈ ಗೋಡೆಯಲ್ಲೇ ನಮ್ಮ ಕಿಟಕಿಗಳಿರುವುದು ಎಂಬುದು ಯಾರ ತಲೆಗೂ ಹೊಳೆದಿಲ್ಲ. ಉಳಿದ ಮೂರು ಕಡೆ ಬರಿ ಗೋಡೆ. ಬೆಳಕೆಲ್ಲ ಉತ್ತರದಿಂದಲೇ ಬರಬೇಕು, ಕಾಗದದ ಮೇಲೆ ಬಿಸಿಲು ಬೀಳಬಾರದು ಎಂದು ಹಟ ಹಿಡಿದು ಈ ಕಟ್ಟಡದ ನಕ್ಷೆ ಬರೆದವನೂ ಇದೇ ಮುದುಕ. ಹಗಲಿನಲ್ಲಿ ಯಾರಾದರೂ ಟ್ಯೂಬ್‌ಲೈಟ್ ಹಾಕಿದರೆ ಪಟ್ಟನೆ ಆರಿಸಿ, “ಸೂರ್ಯ ರಾಜೀನಾಮೆ ಕೊಟ್ಟಿದ್ದಾನಾ?” ಎಂದು ಕೂಗುತ್ತಿದ್ದ. ಈಗ ತಾನೇ ಅಡ್ಡ ನಿಂತಿದ್ದಾನೆ.

ನನ್ನ ಮೇಜು ಸರಿಯಾಗಿ ಅವನ ಬಾಯಿಯ ಹಿಂದೆ ಬಂದಿದೆ.

“ನೀನು ಅದೃಷ್ಟವಂತೆ ಕಣೇ ದುಫಿಯೆ, ಬೈಗುಳ ಎಲ್ಲರಿಗಿಂತ ಮೊದಲು ನಿಂಗೇ ಕೇಳ್ಸತ್ತೆ,” ಎಂದ ಪಕ್ಕದ ಮೇಜಿನ ಬೊನ್ಸು. ಅವನಿಗೇನು, ಎಲ್ಲವೂ ತಮಾಷೆ. ಮೂರನೇ ವರ್ಷದಲ್ಲಿ ಮುದುಕ ಫೇಲ್ ಮಾಡಿ ಕೂರಿಸಿದ್ದು ನನ್ನನ್ನು. ಇನ್ನೊಂದು ಸಲ ಬಿದ್ದರೆ ಕೋರ್ಸಿನಿಂದಲೇ ಹೊರಗೆ.

ಜನವರಿ 23, ಗುರುವಾರ

ವಿಭಾಗದ ಮುಖ್ಯಸ್ಥ ಡಾ. ಆಂಟ್ವಿ ಹತ್ತಿರ ಹೋದೆ. ಅವರ ಕೋಣೆಯಲ್ಲಿ ಎರಡು ಕಿಟಕಿ, ಎರಡಕ್ಕೂ ಪರದೆ, ಒಳಗೆ ಏಸಿ.

“ಸರ್, ಆ ಬ್ಯಾನರನ್ನ ಗೇಟಿನ ಹತ್ರ ಕಟ್ಟಬಹುದಲ್ವಾ? ನಮಗೆ ಏನೂ ಕಾಣ್ತಿಲ್ಲ.”

“ಲೈಟ್ ಹಾಕ್ಕೊಳ್ಳಿ.”

“ಅರ್ಧ ಲೈಟ್ ಕೆಟ್ಟು ಹೋಗಿವೆ ಸರ್.”

“ಇನ್ನರ್ಧ ಇದೆಯಲ್ಲ.” ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಮಣ್ಣಾಗೋ ಮುಂಚೆ ಒಬ್ಬ ದೊಡ್ಡ ಮನುಷ್ಯನ ಮುಖ ಇಳಿಸು ಅಂತೀಯಾ? ನಿನ್ನ ಮನೇಲಿ ಯಾರೂ ಸತ್ತಿಲ್ವಾ?”

ಮಣ್ಣು ಯಾವಾಗ ಎಂದು ಕೇಳಿದೆ. ಅದು ಕುಟುಂಬಕ್ಕೆ ಬಿಟ್ಟದ್ದಂತೆ. ಕುಟುಂಬ ಅಂದರೆ ಎರಡು. ಹೆಂಡತಿ ಮಕ್ಕಳು ಇಲ್ಲೇ ಕುಮಾಸಿಯಲ್ಲಿ ಹೂಳಬೇಕು ಎನ್ನುತ್ತಾರೆ. ತಾಯಿಯ ಕುಲದವರು ಊರಿಗೆ ತರಬೇಕು ಎನ್ನುತ್ತಾರೆ. ಜಗಳ ಮುಗಿಯುವವರೆಗೆ ಹೆಣ ಶವಾಗಾರದಲ್ಲಿ, ಮುಖ ನನ್ನ ಕಿಟಕಿಯಲ್ಲಿ.

ಕಿಟಕಿಯ ಮುಂದೆ ಏನನ್ನಾದರೂ ನೇತುಹಾಕುವ ಬುದ್ಧಿ ಯಾವ ಕತ್ತೆಗೆ ಬರುತ್ತದೋ! ಮೈಯೆಲ್ಲ ಉರಿಯುತ್ತಿದೆ.

ಜನವರಿ 28, ಮಂಗಳವಾರ

ಅದೇ ಇಂಟು ಗುರುತಿನ ಮುಂದೆ ಇಡೀ ದಿನ ಹಾಳಾಯಿತು.

ಹೊಸ ವರ್ಷದ ವಾರ. ಬಂಟಾಮ ಬಡಾವಣೆಗೆಂದು ನಾನು ಬರೆದ ಹೊಲಿಗೆ ಶಾಲೆಯ ನಕ್ಷೆಯನ್ನು ಮುದುಕನಿಗೆ ತೋರಿಸಿದ್ದೆ. ಸಂಜೆಯಾಗಿತ್ತು. ಬಗ್ಗಿ ನೋಡಿ, ಪೆನ್ಸಿಲಿನಿಂದ ಮುಂಗೋಡೆಯ ಹತ್ತಿರ ಒಂದು ಸಣ್ಣ ಇಂಟು ಹಾಕಿದ. ಏನು ತಪ್ಪು ಪ್ರೊಫ್ ಎಂದರೆ, “ಬೆಳಕು ಹೋಯ್ತು. ನಾಳೆ ಬೆಳಗ್ಗೆ ನೋಡೋಣ,” ಎಂದ. ಲೈಟ್ ಹಾಕಲೇ ಎಂದು ಕೇಳಿದ್ದಕ್ಕೆ ಹುಬ್ಬು ಗಂಟಿಕ್ಕಿದ. ಮರುದಿನ ಎಂಟಕ್ಕೇ ಹೋಗಿ ಕಾದೆ. ಅವನನ್ನು ಆಸ್ಪತ್ರೆಗೆ ಸೇರಿಸಿದ್ದರು. ವಾರದೊಳಗೆ ಸತ್ತ.

ಒಂದು ಮಾತು ಹೇಳಿ ಹೋಗಬಾರದಿತ್ತೇ? ಒಂದೇ ಒಂದು ಮಾತು! ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಂಟು ಹಾಕಿ ಎದ್ದು ಹೋದ.

ಇಂಟು ಇರುವುದು ಒಂದು ಕಂಬದ ಪಕ್ಕದಲ್ಲಿ. ಹಾಗಾಗಿ ಕಂಬವನ್ನು ಎಡಕ್ಕೆ ಸರಿಸಿದೆ. ಆಮೇಲೆ ಬಲಕ್ಕೆ. ಇವತ್ತು ಕಂಬವನ್ನೇ ತೆಗೆದೆ, ಚಾವಣಿ ನಿಲ್ಲಲಿಲ್ಲ. ಮತ್ತೆ ಇದ್ದಲ್ಲೇ ಇಟ್ಟೆ.

ಫೆಬ್ರವರಿ 7, ಶುಕ್ರವಾರ

ಮೊದಲ ಜ್ಯೂರಿ, ಪರೀಕ್ಷಕರ ಮುಂದೆ ಶಾಲೆಯ ಪುಟ್ಟ ಮಾದರಿ ಇಡುವ ದಿನ. ಮರ್ಯಾದೆ ಹೋಯಿತು.

ಮಾದರಿಯ ಗೋಡೆಗಳಿಗೆ ಸುಣ್ಣದ ಬಿಳಿ ಬೇಕಿತ್ತು. ಮೂರು ದಿನ ಬಣ್ಣ ಬೆರೆಸಿದ್ದೆ. ಬ್ಯಾನರಿನ ಕೆಂಪು ಸೋಸಿ ಒಳಬರುವುದರಿಂದ ಯಾವ ಬಿಳಿಯೂ ಬಿಳಿಯಾಗಿ ಕಾಣುತ್ತಿರಲಿಲ್ಲ. ಚೂರು ನೀಲಿ ಹಾಕಿದೆ, ಸರಿಹೋಯಿತು ಅನ್ನಿಸಿತು. ಇನ್ನಷ್ಟು ಹಾಕಿದೆ, ಹಾಲಿನಂತಾಯಿತು. ಇವತ್ತು ಅದನ್ನು ಎತ್ತಿಕೊಂಡು ಸಭಾಂಗಣದ ಬೆಳಕಿಗೆ ಹೋದೆ. ಬಾಗಿಲು ದಾಟುತ್ತಲೇ ಎಲ್ಲರೂ ಗೊಳ್ಳೆಂದು ನಕ್ಕರು. ನೀಲಿ ಜಾಸ್ತಿಯಾದ ಪಂಚೆಯ ಹಾಗೆ ಇತ್ತು ನನ್ನ ಶಾಲೆ.

“ಏನಮ್ಮಾ ಇದು, ಹೊಲಿಗೆ ಶಾಲೆನೋ ಈಜುಕೊಳಾನೋ?” ಡಾ. ಆಂಟ್ವಿ.

“ಸರ್, ಬ್ಯಾನರಿಂದಾಗಿ ಬಣ್ಣ...”

“ಕುಣಿಯಲಾರದವಳಿಗೆ ನೆಲ ಡೊಂಕು.”

ಒಂದನ್ನು ಮಾತ್ರ ಹೊಗಳಿದರು. ಮುಂಗೋಡೆಯ ಉದ್ದಕ್ಕೂ ನಾನು ನಿಲ್ಲಿಸಿರುವ ಜಾಲರಿ ಗೋಡೆ. ಸಾವಿನ ಬಟ್ಟೆಯ ಮೇಲೆ ಒತ್ತುತ್ತೇವಲ್ಲ, ಆ ಆದಿಂಕ್ರಾ ಚಿತ್ತಾರಗಳನ್ನೇ ಆಳೆತ್ತರ ಮಾಡಿ ಕೊರೆದಿದ್ದೇನೆ. “ಇದು ನೋಡಿ ನಮ್ಮತನ ಅಂದ್ರೆ,” ಎಂದರು. ಆದರೆ ಅಂಕ ಕೊಡಲಿಲ್ಲ. ಕೊನೆಯ ಜ್ಯೂರಿ ಮಾರ್ಚ್ ಹನ್ನೆರಡಕ್ಕೆ. ಅಲ್ಲೂ ಬಿದ್ದರೆ ನನ್ನ ಕಥೆ ಮುಗಿಯಿತು.

ಹಾಸ್ಟೆಲಿಗೆ ಬಂದು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಫೆಬ್ರವರಿ 9, ಭಾನುವಾರ

ನಾನೂ ಬೊನ್ಸುವೂ ಪ್ರೊಫೆಸರ್ ಅವರ ತಮ್ಮ ಬೆಡಿಯಾಕೊ ಅವರ ಮನೆಗೆ ಹೋಗಿದ್ದೆವು. ತಾಯಿಯ ಕುಲದ ಹಿರಿಯರು ಅವರೇ, ಅದಕ್ಕೇ ಎಲ್ಲರೂ ಗೌರವಕ್ಕೆ ‘ನಾನಾ’ ಅನ್ನುವುದು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಬಾಟಲಿ ಶ್ನ್ಯಾಪ್ಸ್ ಮದ್ಯ ತೆಗೆದುಕೊಂಡೆವು. ಬೊನ್ಸು ನನ್ನ ಪರವಾಗಿ ಮಾತಾಡಬೇಕು, ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಒಪ್ಪಂದ.

ಅಂಗಳದಲ್ಲಿ ಕೂತಿದ್ದವರಿಗೆಲ್ಲ ಬಲದಿಂದ ಎಡಕ್ಕೆ ಕೈ ಕೊಟ್ಟೆವು. ನೀರು ಬಂತು. ಕುಡಿದೆವು. ದಾರಿಯ ಸುದ್ದಿ ಕೇಳಿದರು. ಬೊನ್ಸು ಅಯ್ಯೋ, ಎಷ್ಟು ಸುತ್ತಿ ಬಳಸಿ ಹೇಳಿದ! ಪ್ರೊಫೆಸರ್ ಕಟ್ಟಿದ ಮನೆ, ಅದರ ಕಣ್ಣು, ಆ ಕಣ್ಣಿಗೆ ಬಿದ್ದ ಪರೆ ಅಂತ ಏನೇನೋ. ನನಗೆ ತಡೆಯಲಾಗಲಿಲ್ಲ.

“ನಾನಾ, ಬ್ಯಾನರ್ ಕಿಟಕಿಗೆ ಅಡ್ಡ ಬಂದಿದೆ. ನಾವು ಕುರುಡರಾಗ್ತಿದ್ದೀವಿ.”

ಯಾರೋ ಹೆಂಗಸು ಶ್ ಎಂದಳು. ನಾನಾ ಮಾತ್ರ ಶಾಂತವಾಗಿ ಕೇಳಿದರು. “ಯಾವ ಬ್ಯಾನರ್ ಮಗಳೇ? ನಾವು ಅಲ್ಲಿ ಯಾವುದೂ ಕಟ್ಟಿಸಿಲ್ವಲ್ಲ.”

ಬೊನ್ಸು ಫೋನಿನಲ್ಲಿದ್ದ ಫೋಟೋ ತೋರಿಸಿದ. ನಾನಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮುಖ ಕಪ್ಪಿಟ್ಟಿತು. ‘ದುಃಖತಪ್ತರು’ ಎಂಬಲ್ಲಿ ಮೊದಲು ಹೆಂಡತಿ, ಹ್ಯಾಂಬರ್ಗಿನ ಮಗಳು, ಅಳಿಯ. ಕುಲದ ಹಿರಿಯರ ಹೆಸರು ಕೊನೆಯಲ್ಲಿ, ಇರುವೆ ಸಾಲಿನಂತೆ.

“ಹೆತ್ತ ಹೊಟ್ಟೆ ನಮ್ಮದು, ಹೆಸರು ಮಾತ್ರ ಅವರದಾ?” ಎಂದು ನೆಲಕ್ಕೆ ಕೋಲು ಕುಟ್ಟಿದರು. “ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಗುರುವಾರದೊಳಗೆ ಇದಕ್ಕೊಂದು ದಾರಿ ಮಾಡ್ತೀನಿ.”

ಬರುವಾಗ ಬೊನ್ಸು ಹುರಿದ ಬಾಳೆ ಕೊಡಿಸಿದ. “ನೋಡಿದ್ಯಾ? ನಾಲಿಗೆ ಇದ್ದೋನು ದಾರಿ ತಪ್ಪಲ್ಲ,” ಎಂದು ಬೀಗಿದ. ಬಹಳ ದಿನದ ಮೇಲೆ ಹೊಟ್ಟೆತುಂಬ ತಿಂದೆ.

ಫೆಬ್ರವರಿ 13, ಗುರುವಾರ

ದಾರಿ ಮಾಡಿದರು.

ಎರಡನೇ ಬ್ಯಾನರ್. ಮೊದಲನೆಯದಕ್ಕಿಂತ ದೊಡ್ಡದು. ಅದರ ಪಕ್ಕದಲ್ಲಿ, ಉಳಿದಿದ್ದ ಮೂರು ಕಿಟಕಿಗಳಿಗೆ ಅಡ್ಡ. ಕುಲದವರ ಹೆಸರುಗಳು ಮಾರುದ್ದ, ಹೆಂಡತಿ ಮಕ್ಕಳು ಇರುವೆಗಳು. ಪ್ರೊಫೆಸರ್ ಇದರಲ್ಲಿ ಬಟ್ಟೆಯನ್ನು ಭುಜದ ಮೇಲೆ ಹೊದ್ದು ರಾಜನ ಹಾಗೆ ಕೂತಿದ್ದಾರೆ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ! ನಾನೇ ಹೋಗಿ, ನಾನೇ ಬಾಟಲಿ ಕೊಟ್ಟು, ನಾನೇ ಕರೆದುಕೊಂಡು ಬಂದೆ. ಬೊನ್ಸು ಎದುರಿಗೆ ಸಿಕ್ಕಿದರೆ ಹಲ್ಲು ಉದುರಿಸುತ್ತೇನೆ.

ಫೆಬ್ರವರಿ 20, ಗುರುವಾರ

ಎರಡು ದಿನದಿಂದ ಕರೆಂಟಿಲ್ಲ. ಸ್ಟುಡಿಯೋ ಒಳಗೆ ಫೋನಿನ ಬೆಳಕಿನಲ್ಲಿ ಗೆರೆ ಎಳೆಯುತ್ತೇವೆ. ಕೊನೆಗೆ ಮೇಜುಗಳನ್ನು ಹೊತ್ತು ಬೇವಿನ ಮರದ ಕೆಳಗೆ ಹಾಕಿದೆವು. ಬಿಳಿ ಕಾಗದದ ಮೇಲೆ ಬಿಸಿಲು ಚೂರು ಚೂರಾಗಿ ಕುಣಿದು ಅರ್ಧ ಗಂಟೆಗೇ ಕಣ್ಣು ಕಿತ್ತು ಬಂತು. ಹರ್ಮಟ್ಟಾನ್ ಗಾಳಿ ಧೂಳು ತಂದು ಸುರಿಯಿತು. ಬೊನ್ಸುವಿನ ನಕ್ಷೆ ಹಾರಿ ಹೋಗಿ ಕೊಕೊ ಗಂಜಿ ಮಾರುವವಳ ಪಾತ್ರೆಗೆ ಬಿತ್ತು. ಅವಳು ಅವನಿಗೆ ಕೊಟ್ಟ ಬೈಗುಳಗಳನ್ನು ಕೇಳಿ ಎದೆ ಸ್ವಲ್ಪ ತಣ್ಣಗಾಯಿತು.

ಮರದ ಕೆಳಗೆ ಕೂತು ಆ ಗೋಡೆಯನ್ನೇ ನೋಡುತ್ತಿದ್ದೆ. ಬ್ಯಾನರುಗಳ ಮೇಲ್ತುದಿಯಲ್ಲಿ ಸೂರಿನ ಚಾಚು ಕಾಣುತ್ತದೆ. ಎಷ್ಟು ಮುಂದಕ್ಕೆ ಬಂದಿದೆ! ಜೂನ್ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿದರೂ ಒಳಗೆ ಬಿಸಿಲು ಇಣುಕಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಐದು ವರ್ಷ ಆ ಬೆಳಕಿನಲ್ಲಿ ಕೂತು, ಅದು ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆ. ಪ್ರೊಫೆಸರ್ ಅಳೆದು ತರಿಸಿದ್ದು.

ಹಾಗಂತ ಅವರನ್ನು ಕ್ಷಮಿಸಿಲ್ಲ.

ಮಾರ್ಚ್ 1, ಶನಿವಾರ

ಕರೆಂಟು ಬಂದಿದೆ. ಟ್ಯೂಬ್‌ಲೈಟುಗಳು ನೊಣದ ಹಾಗೆ ಗುಂಯ್‌ಗುಡುತ್ತವೆ. ತಲೆನೋವು. ಎರಡನೇ ವರ್ಷದ ಸೆರ್ವಾ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದಳು, ಬೆಳಗ್ಗೆ ಹನ್ನೊಂದಕ್ಕೆ! ಬೈದು ಎಬ್ಬಿಸಿದೆ. “ಹೊತ್ತೇ ಗೊತ್ತಾಗಲ್ಲ ಅಕ್ಕಾ, ಇಲ್ಲಿ ಯಾವಾಗಲೂ ಸಂಜೆ,” ಎಂದಳು. ನಿಜ. ಎಲ್ಲರೂ ಒಬ್ಬರ ಮೇಲೊಬ್ಬರು ಹಾರಿ ಬೀಳುತ್ತಿದ್ದೇವೆ. ನಿನ್ನೆ ಒಂದು ರಬ್ಬರಿಗಾಗಿ ಇಬ್ಬರು ಹುಡುಗರು ಕಾಲರ್ ಹಿಡಿದರು.

ಕಂಬ ಮತ್ತೆ ಸರಿಸಿದೆ.

ಮಾರ್ಚ್ 11, ಮಂಗಳವಾರ

ನಾಳೆ. ಸಭಾಂಗಣ ಯಾವುದೋ ಸಮ್ಮೇಳನಕ್ಕೆ ಹೋಗಿದೆ. ಜ್ಯೂರಿ ನಮ್ಮ ಸ್ಟುಡಿಯೋದಲ್ಲೇ, ಆ ಕತ್ತಲೆಯಲ್ಲೇ. ಬಣ್ಣವನ್ನು ಈ ಸಲ ಅಂಗಳದಲ್ಲಿ ಬೆರೆಸಿದ್ದೇನೆ. ಇಂಟು ಗುರುತು ಹಾಗೇ ಇದೆ, ಅಳಿಸಲು ಮನಸ್ಸಾಗಲಿಲ್ಲ.

ಮಾರ್ಚ್ 12, ಬುಧವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ರಾಜಧಾನಿ ಆಕ್ರಾದಿಂದ ಬಂದ ಪರೀಕ್ಷಕಿ ಲ್ಯಾಂಪ್ಟಿ ಮೇಡಂ. ದಪ್ಪ ಕನ್ನಡಕ, ಕಡಿಮೆ ಮಾತು. ಬೊನ್ಸುವಿನದು ಮುಗಿದು ನನ್ನ ಸರದಿ ಬಂತು. ಬಾಯಿ ತೆರೆದೆ, ಕರೆಂಟು ಹೋಯಿತು. ಎಲ್ಲರೂ ಓ ಎಂದರು. ಹೊರಗೆ ಸುಡುವ ಬೆಳಗು, ಒಳಗೆ ಕೆಂಪು ಮಬ್ಬು. ಮೇಡಂ ನನ್ನ ಮಾದರಿಯ ಹತ್ತಿರ ಮೂಗು ತಂದರು.

“ನಂಗೇನೂ ಕಾಣ್ತಿಲ್ಲಮ್ಮ. ಕಾಣದ್ದಕ್ಕೆ ನಾನು ಅಂಕ ಕೊಡಲ್ಲ.”

“ಇವಳದ್ದು ಮುಂದಿನ ವರ್ಷಕ್ಕೆ ಹಾಕೋಣ ಬಿಡಿ,” ಎಂದರು ಡಾ. ಆಂಟ್ವಿ, ಊಟದ ಹೊತ್ತು ಬದಲಿಸುವವರ ಹಾಗೆ.

“ಮುಂದಿನ ವರ್ಷ ಅಂದ್ರೆ ನಾನು ಹೊರಗೆ ಸರ್!”

“ನಾನೇನು ಮಾಡ್ಲಿ? ಕರೆಂಟು ನನ್ನ ಜೇಬಲ್ಲಿದೆಯಾ?”

ಅಷ್ಟೇ. ತಲೆಯೊಳಗೆ ಏನೋ ಕಡಿದುಹೋಯಿತು. ಮಾದರಿ ಕತ್ತರಿಸುವ ಚಾಕು ಕೈಯಲ್ಲೇ ಇತ್ತು. ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಳಚಿ ನೆಲಕ್ಕಿಟ್ಟೆ. ಯಾರೋ ದುಫಿಯೆ, ಬೇಡ ಎಂದರು. ಕೈ ಹೊರಗೆ ಹಾಕಿ ಬ್ಯಾನರಿಗೆ ಚಾಕು ಚುಚ್ಚಿದೆ. ಅಡ್ಡ ಒಂದು ಸೀಳು, ಎರಡು ಕಡೆ ಉದ್ದ ಸೀಳು. “ಸೂರ್ಯ ರಾಜೀನಾಮೆ ಕೊಟ್ಟಿಲ್ಲ!” ಎಂದು ನಾನು ಕಿರುಚಿದೆನಂತೆ. ಬೊನ್ಸು ಹೇಳಿದ. ನನಗೆ ನೆನಪಿಲ್ಲ.

ತುಂಡು ಮುಂದಕ್ಕೆ ಮಗುಚಿ ಬಿತ್ತು, ಬೆಳಕು ಒಳಗೆ ಬಂತು. ಎರಡು ತಿಂಗಳ ಮೇಲೆ. ಬಿಸಿಲಲ್ಲ, ಬೆಳಕು. ನನ್ನ ಮೇಜಿನ ಮೇಲೆ, ಕೈಯ ಮೇಲೆ, ಸುಣ್ಣದಂಥ ಬಿಳಿ ಗೋಡೆಗಳ ಮೇಲೆ.

ಡಾ. ಆಂಟ್ವಿ ಕಾವಲುಗಾರನನ್ನು ಕೂಗಿದರು. ಲ್ಯಾಂಪ್ಟಿ ಮೇಡಂ ಕೈಯೆತ್ತಿ ಅವರನ್ನು ತಡೆದರು. “ಆಮೇಲೆ ಬೈಯಿರಿ. ಬೆಳಕಿದೆ, ನೋಡೋಣ. ಹೊಲಿಗೆ ಕೋಣೆ ಎಲ್ಲಮ್ಮ?”

“ಇದೇ ಮೇಡಂ. ಉತ್ತರಕ್ಕೆ, ರಸ್ತೆ ಕಡೆ. ನಲವತ್ತು ಹುಡುಗಿಯರು ಕೂರ್ತಾರೆ.” ಮಾದರಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಟ್ಟೆ.

ಅವರು ಬಗ್ಗಿ ಮಾದರಿಯ ಪಕ್ಕದ ಬಾಗಿಲಿನಿಂದ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. “ಇಷ್ಟು ಬೆಳಕಿದ್ರೂ ಒಳಗೆ ಕತ್ತಲೆ ಇದೆಯಲ್ಲಮ್ಮ. ಸೂಜಿಗೆ ದಾರ ಹೇಗೆ ಪೋಣಿಸ್ತಾರೆ?”

ನಾನೂ ಬಗ್ಗಿದೆ. ನನ್ನ ಹೊಲಿಗೆ ಕೋಣೆ ನಮ್ಮ ಸ್ಟುಡಿಯೋದಷ್ಟೇ ಕಪ್ಪಗಿತ್ತು. ಮುಂದೆ ಆಳೆತ್ತರದ ಆದಿಂಕ್ರಾ ಚಿತ್ತಾರಗಳು, ನಡುವೆ ಬೆರಳಗಲದ ಕಂಡಿಗಳು. ರಸ್ತೆಯಿಂದ ನೋಡುವವರಿಗೆ ಚೆಂದ. ಗೋಡೆಗೆ ಅಂಟಿಸಿದ್ದ ನಕ್ಷೆಯ ಕಡೆ ತಿರುಗಿದೆ. ಇಂಟು ಗುರುತು ಕಂಬದ ಮೇಲಿರಲಿಲ್ಲ. ಯಾವತ್ತೂ ಇರಲಿಲ್ಲ. ಅದು ಜಾಲರಿ ಗೋಡೆಯ ಗೆರೆಯ ಮೇಲಿತ್ತು.

ಕಿಟಕಿಯ ಮುಂದೆ ನೇತುಹಾಕಿದ್ದು ನಾನು. ಕತ್ತೆ ನಾನು. ಮೇಷ್ಟ್ರೇ, ಬಾಯಿ ಬಿಟ್ಟು ಹೇಳಬಾರದಿತ್ತೇ?

ಅದೇ ಚಾಕು. ಒಂದು ತಿಂಗಳು ಕೂತು ಕೊರೆದ ಜಾಲರಿಯನ್ನು ಬುಡದಿಂದ ಕೊಯ್ದು ತೆಗೆದೆ. ಕೋಣೆಯೊಳಗೆ ನಾನಿಟ್ಟಿದ್ದ ಪುಟ್ಟ ಪುಟ್ಟ ಹೊಲಿಗೆ ಯಂತ್ರಗಳು ಒಂದೊಂದೂ ಕಾಣಿಸಿದವು. ಉಳಿದ ಹೊತ್ತು ಸೂರನ್ನು ಎಷ್ಟು ಚಾಚಬೇಕೆಂದು ಮಾತಾಡಿದೆ, ಪಾಠ ಒಪ್ಪಿಸಿದ ಹಾಗಲ್ಲ, ಜಗಳ ಆಡಿದ ಹಾಗೆ. ಮೇಡಂ ಏನೋ ಬರೆದುಕೊಂಡರು. ಮುಗುಳ್ನಗೆ ಗಿಗುಳ್ನಗೆ ಏನೂ ಇಲ್ಲ.

ಹೊರಗೆ ರಸ್ತೆಯಲ್ಲಿ ಜನ ಸೇರಿದ್ದರು. ಸೀಳು ಸರಿಯಾಗಿ ಬಾಯಿಯ ಜಾಗಕ್ಕೆ ಬಂದಿದೆ. “ಎರಡು ತಿಂಗಳಾದ್ಮೇಲೆ ಪ್ರೊಫ್ ಬಾಯಿ ಬಿಟ್ಟರು ನೋಡು,” ಎಂದ ಬೊನ್ಸು. ಈ ಸಲ ನಕ್ಕುಬಿಟ್ಟೆ. ನಗುತ್ತಲೇ ಅಳು ಬಂತು, ನಿಲ್ಲಲೇ ಇಲ್ಲ.

ಮಾರ್ಚ್ 15, ಶನಿವಾರ

ನಾನಾ ಬೆಡಿಯಾಕೊ ಹೇಳಿಕಳಿಸಿದ್ದರು. ಅಂಗಳದ ತುಂಬ ಜನ. ಸತ್ತವನ ಮುಖಕ್ಕೆ ಚಾಕು ಹಾಕಿದ್ದಕ್ಕೆ ಒಂದು ಕುರಿ, ಎರಡು ಬಾಟಲಿ ದಂಡ. ಮೇಷ್ಟ್ರ ಹೆಂಡತಿಯೂ ಬಂದು ಆಚೆ ಕಡೆ ಕೂತಿದ್ದರು. ನನ್ನನ್ನು ಬೈಯುವುದರಲ್ಲಿ ಎರಡೂ ಮನೆಯವರು ಮೊದಲ ಸಲ ಒಂದಾದರಂತೆ.

“ಯಾಕೆ ಹಾಗೆ ಮಾಡ್ದೆ?” ನಾನಾ ಕೇಳಿದರು.

“ಅವರು ಬದುಕಿದ್ದಿದ್ರೆ ನನಗಿಂತ ಮುಂಚೆ ಅವರೇ ಕೊಯ್ದಿರೋರು ನಾನಾ. ನೀವು ಅವರ ಮುಖ ನೋಡಿದ್ರಿ, ಅವರ ಕಿಟಕಿ ನೋಡ್ಲಿಲ್ಲ. ಕುರಿ ಕೊಡ್ತೀನಿ. ತಪ್ಪಾಯ್ತು ಅನ್ನಲ್ಲ.”

ಬೊನ್ಸು ನನ್ನ ಕಾಲು ತುಳಿದ. ಆಚೆ ಕಡೆ ಮೇಷ್ಟ್ರ ಹೆಂಡತಿ ಹೊದ್ದ ಬಟ್ಟೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡರು. “ಮನೇಲೂ ಹಾಗೇ,” ಎಂದರು ಮೆಲ್ಲಗೆ. “ಮದುವೆಯಾದ ದಿನದಿಂದ ಒಂದು ಪರದೆ ಹಾಕೋಕೆ ಬಿಡ್ಲಿಲ್ಲ.” ನಾನಾ ಅವರ ಕಡೆ ನೋಡಿದರು. ಬೈಗುಳ ಅಲ್ಲಿಗೆ ಮುಗಿಯಿತು. ಕುರಿಯ ದಂಡವನ್ನು ಮಾತ್ರ ಬಿಡಲಿಲ್ಲ.

ಮಾರ್ಚ್ 30, ಭಾನುವಾರ

ನಿನ್ನೆ ಮಣ್ಣಾಯಿತು. ಊರಿನಲ್ಲೇ. ಮಕ್ಕಳು ಒಪ್ಪಿದರು, ಪ್ರತಿಯಾಗಿ ಹೆಸರುಗಳಲ್ಲಿ ಹೆಂಡತಿಯದು ಮೊದಲು ಬಂತು. ಇಡೀ ಸ್ಟುಡಿಯೋ ಕೆಂಪು ಕಪ್ಪು ಉಟ್ಟು ಹೋಗಿತ್ತು. ನಾನು ಕೊಟ್ಟ ಕುರಿಯ ಸಾರು ನಾನೇ ಉಂಡೆ. ಉಪ್ಪು ಜಾಸ್ತಿ. ಗುಂಡಿಗೆ ಮಣ್ಣು ಹಾಕುವಾಗ ಸಿಟ್ಟು ಬಂತು, ನಾಳೆ ನೋಡೋಣ ಅಂದವರು ಹೀಗೆ ಮಾಡಬಹುದೇ ಎಂದು.

ಅಂಕ ಬಂದಿದೆ. ಪಾಸು. ಡಾ. ಆಂಟ್ವಿ ಪಕ್ಕದಲ್ಲಿ ‘ನಡತೆ ಸರಿಯಿಲ್ಲ’ ಎಂದು ಬರೆಸಿದ್ದಾರೆ. ಬರೆಸಿಕೊಳ್ಳಲಿ.

ಇವತ್ತು ಮಧ್ಯಾಹ್ನ ಮೇಜು ಖಾಲಿ ಮಾಡಲು ಹೋದೆ. ಬ್ಯಾನರುಗಳನ್ನು ಇಳಿಸಿದ್ದಾರೆ. ಯಾವನೋ ಅಂಥ ಬೆಳಕಿನಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದ. ಹೋಗಿ ಆರಿಸಿ, ನಾಲ್ಕು ಬೈದು ಬಂದೆ. ಸಾಮಾನು ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಸೆರ್ವಾ ತನ್ನ ನಕ್ಷೆ ತಂದು ಮುಂದೆ ಹಿಡಿದಳು. ಮೆಟ್ಟಿಲ ಹತ್ತಿರ ಏನೋ ಎಡವಟ್ಟಿತ್ತು, ಪೆನ್ಸಿಲಿನಲ್ಲಿ ಗುರುತು ಹಾಕಿದೆ.

“ಏನು ತಪ್ಪು ಅಕ್ಕಾ?”

“ಬೆಳಕು ಹೋಯ್ತು. ನಾಳೆ ಬೆಳಗ್ಗೆ ನೋಡೋಣ.”

“ಲೈಟ್ ಹಾಕ್ಲಾ?”

ಬೇಡ ಎಂದು ಗದರಿದೆ. ಮುಖ ಊದಿಸಿಕೊಂಡು ಹೋದಳು. ಈಗಿನ ಮಕ್ಕಳಿಗೆ ತಾಳ್ಮೆ ಅನ್ನುವುದೇ ಇಲ್ಲ.

ನಾಳೆ ಎಂಟಕ್ಕೆಲ್ಲ ಹೋಗಬೇಕು. ಜ್ವರ ಬರಲಿ, ಬಸ್ಸು ಕೆಡಲಿ, ಏನೇ ಆಗಲಿ, ಹೋಗಲೇಬೇಕು. ಹುಡುಗಿ ಕಾಯುತ್ತಿರುತ್ತಾಳೆ.